ಕಡಲಿಲ್ಲದ ಸೀಮೆಗೊಂದು ತೀರ

ಒಂದು ಬದಿಗೆ ಅಲೆ, ಇನ್ನೊಂದು ಬದಿಗೆ ಕಾಡು. ನಡುವೆ ಸಾಗುವ ರಸ್ತೆ. ಇಂಥ ಪ್ರಯಾಣಕ್ಕೆ ಕಾರವಾರಕ್ಕೆ ಹೋಗಬೇಕೆಂಬುದು ರೂಢಿಯ ಮಾತು. ಆದರೆ ಬಯಲುಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೂ ಒಂದು ತೀರವಿದೆ ಎಂದರೆ ಹಲವರು ಹುಬ್ಬೇರಿಸಬಹುದು. ಬರಕ್ಕೆ ಹೆಸರಾದ ಈ ಸೀಮೆಯ ಅಂಚಿನಲ್ಲಿ ಹರಡಿರುವ ತುಂಗಭದ್ರಾ ಹಿನ್ನೀರೇ ಆ ತೀರ. ಜಲಾಶಯ ತುಂಬಿದಾಗ ನೀರಿನ ಹರವು ಸುಮಾರು 378 ಚದರ ಕಿಲೋಮೀಟರ್. ಆಗ ದಡದಲ್ಲಿ ನಿಂತವರಿಗೆ ಇದು ಕಡಲಲ್ಲವೆಂದು ನಂಬುವುದೇ ಕಷ್ಟ.

ಆದರೆ ಇದು ಪ್ರಕೃತಿ ಕೊಟ್ಟ ತೀರವಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ಅಣೆಕಟ್ಟು ಇದನ್ನು ಸೃಷ್ಟಿಸಿತು. ಅದಕ್ಕಾಗಿ ಸುಮಾರು 90 ಹಳ್ಳಿಗಳು ಮುಳುಗಿ, ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಮನುಷ್ಯ ಕಟ್ಟಿದ ಈ ತೀರಕ್ಕೆ ಹಕ್ಕಿಗಳು ಒಗ್ಗಿಕೊಂಡದ್ದು ಮುಂದಿನ ಕಥೆ.

ಪ್ರಯಾಣವನ್ನು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಿಂದ ಆರಂಭಿಸುವುದು ಒಳ್ಳೆಯದು. ಇಲ್ಲಿ ನೀರಿಲ್ಲ, ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಗುಡ್ಡಗಳಿವೆ. ಅವುಗಳ ಸಂದುಗಳೇ ಕರಡಿಗಳ ಮನೆ. 2013ರಲ್ಲಿ ಸರ್ಕಾರ ಈ ಪ್ರದೇಶವನ್ನು ಕರಡಿಧಾಮವೆಂದು ಘೋಷಿಸಿತು. ಇದಕ್ಕೆ ಮೊದಲು, 1994ರಲ್ಲಿ, ಹಂಪಿಯ ಸಮೀಪದ ದರೋಜಿಯಲ್ಲಿ ಇಂಥದೇ ಧಾಮ ರೂಪುಗೊಂಡಿತ್ತು. ಹಗಲಿನ ಬಿಸಿಲಿಗೆ ಗುಹೆಯ ತಂಪಿನಲ್ಲಿ ಮಲಗುವ ಕರಡಿ ಸಂಜೆ ಹೊರಬೀಳುತ್ತದೆ. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲುಗಳಿರುವುದಿಲ್ಲ. ಉದ್ದ ಉಗುರುಗಳಿಂದ ಹುತ್ತ ಒಡೆದು, ಹಲ್ಲಿನ ಆ ಸಂದಿಯ ಮೂಲಕವೇ ಗೆದ್ದಲನ್ನು ಹೀರಿಕೊಳ್ಳುತ್ತದೆ. ಕುರುಚಲು ಕಾಡಿನ ಹಣ್ಣು, ಜೇನು ಅದರ ಉಳಿದ ಆಹಾರ.

ಕೂಡ್ಲಿಗಿಯಿಂದ ಪಶ್ಚಿಮಕ್ಕೆ ಕೊಟ್ಟೂರೇಶ್ವರನ ತೇರಿಗೆ ಹೆಸರಾದ ಕೊಟ್ಟೂರು. ಅಲ್ಲಿಂದ ಉತ್ತರಕ್ಕೆ ತಿರುಗಿ ಹಗರಿಬೊಮ್ಮನಹಳ್ಳಿ ದಾಟಿದರೆ ಅಂಕಸಮುದ್ರ. ಹೆಸರಿನಲ್ಲಿ ಸಮುದ್ರವಿದ್ದರೂ ಇದು ಹಿಂದಿನವರು ವ್ಯವಸಾಯಕ್ಕೆಂದು ಕಟ್ಟಿದ ಊರಕೆರೆ. ವಿಸ್ತಾರ ಸುಮಾರು 244 ಎಕರೆ. ಹಿನ್ನೀರಿಗೆ ಹೊಂದಿಕೊಂಡಿರುವ ಈ ಕೆರೆಯಲ್ಲಿ ಜಾಲಿ ಮರಗಳು ನೀರಿನಲ್ಲೇ ನಿಂತಿವೆ. ಮರಗಳ ತುಂಬ ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಬಿಳಿ ಕೆಂಬರಲುಗಳ ಸಂಸಾರ. ಇಲ್ಲಿ ದಾಖಲಾದ ಹಕ್ಕಿಗಳ ಬಗೆ 240. ತಂಗುವ, ಗೂಡು ಕಟ್ಟುವ ನೀರುಹಕ್ಕಿಗಳ ಸಂಖ್ಯೆ 30 ಸಾವಿರಕ್ಕೂ ಹೆಚ್ಚು.

2017ರಲ್ಲಿ ಸಂರಕ್ಷಿತ ಪ್ರದೇಶವಾದ ಈ ಕೆರೆಗೆ 2024ರ ಆರಂಭದಲ್ಲಿ ರಾಮ್ಸರ್ ಮನ್ನಣೆ ಸಿಕ್ಕಿತು. ಏನಿದು ರಾಮ್ಸರ್? ಇರಾನಿನ ಕ್ಯಾಸ್ಪಿಯನ್ ತೀರದ ಒಂದು ಪಟ್ಟಣ. ಜೌಗುಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಒಂದು ಜಾತಿಯ ನೀರುಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಶೇಕಡ 1ರಷ್ಟಕ್ಕೆ ಆಸರೆ ಕೊಡುವುದು ಈ ಪಟ್ಟಿ ಸೇರಲು ಇರುವ ಅರ್ಹತೆಗಳಲ್ಲೊಂದು. ಅಂಕಸಮುದ್ರ ಎರಡು ಜಾತಿಗಳ ಮಟ್ಟಿಗೆ ಆ ಅಳತೆ ಮುಟ್ಟಿದೆ. ಅದೇ ಬಾರಿ ಪಟ್ಟಿ ಸೇರಿದ ಕರ್ನಾಟಕದ ಇನ್ನೆರಡು ತಾಣಗಳೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ನಿಜವಾದ ಕರಾವಳಿಯ ಜೊತೆಗೆ ಬಯಲುಸೀಮೆಯ ಊರಕೆರೆಯೂ ಒಂದೇ ಪಂಕ್ತಿಯಲ್ಲಿ ಕುಳಿತಂತಾಯಿತು.

ಹಕ್ಕಿಗಳು ಇಲ್ಲಿಗೇ ಬರುವುದೇಕೆ? ಉತ್ತರ ನೀರಿನಲ್ಲಿದೆ. ಮರದ ಸುತ್ತ ನೀರಿದ್ದರೆ ನಾಯಿ, ನರಿ, ಕಾಡುಬೆಕ್ಕುಗಳು ಗೂಡಿನತ್ತ ಸುಳಿಯುವುದಿಲ್ಲ. ಅದು ಕೋಟೆಯ ಕಂದಕವಿದ್ದಂತೆ. ಹಿನ್ನೀರು ಇಳಿಯುತ್ತ ಹೋದಂತೆ ಅಂಚಿನಲ್ಲಿ ತೆಳುವಾದ ನೀರು ಉಳಿದು, ಮರಿಗಳಿಗೆ ಬೇಕಾದ ಮೀನು ಸುಲಭವಾಗಿ ಸಿಗುತ್ತದೆ. ಬಣ್ಣದ ಕೊಕ್ಕರೆ ಕೊಕ್ಕನ್ನು ತುಸು ತೆರೆದು ನೀರಿನಲ್ಲಿ ಆಡಿಸುತ್ತ, ಸ್ಪರ್ಶದಿಂದಲೇ ಮೀನು ಹಿಡಿಯುವ ಹಕ್ಕಿ. ಅದಕ್ಕೆ ಆಳದ ನೀರು ಪ್ರಯೋಜನವಿಲ್ಲ. ಕೆರೆ ಪೂರ್ತಿ ಒಣಗಿದರಂತೂ ಕಂದಕವೂ ಇಲ್ಲ, ಊಟವೂ ಇಲ್ಲ.

ಅಲ್ಲಿಂದ ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿ. ಈ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ, ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಕುರುವತ್ತಿಯಲ್ಲಿ ನದಿಯ ದಂಡೆಗೇ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ದೇಗುಲವಿದೆ. ಹರಪನಹಳ್ಳಿಯ ಕಡೆ ಬಂದರೆ ತಾಲ್ಲೂಕಿನ ಪಶ್ಚಿಮದ ಗಡಿಯಲ್ಲೂ ತುಂಗಭದ್ರೆಯೇ. ಆಚೆ ದಡದ ರಾಣೆಬೆನ್ನೂರು ತಾಲ್ಲೂಕಿನಲ್ಲಿ 1974ರಲ್ಲಿ ಸ್ಥಾಪನೆಯಾದ ಕೃಷ್ಣಮೃಗ ಅಭಯಾರಣ್ಯವಿದೆ.

ಕಡಲಿಗೆ ಬಾಗಿಲುಗಳಿಲ್ಲ, ಈ ತೀರಕ್ಕೆ 33 ಬಾಗಿಲುಗಳಿವೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರನ್ನು ನದಿಗೆ ಹರಿಯಬಿಡದೆ ಬೇರೆ ದಾರಿ ಇರಲಿಲ್ಲ. ಒಂದು ವಾರದೊಳಗೆ ತಾತ್ಕಾಲಿಕ ಗೇಟ್ ಕೂಡಿಸಿದಾಗ ರೈತರು ನಿಟ್ಟುಸಿರು ಬಿಟ್ಟರು. ಉಳಿದ ಗೇಟುಗಳೂ ಹಳತಾದ ಕಾರಣ 2025ರಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಹೂಳಿನ ಸಮಸ್ಯೆ ಬೇರೆ: ಮೊದಲಿಗೆ ಸುಮಾರು 133 ಟಿಎಂಸಿಯಿದ್ದ ಸಾಮರ್ಥ್ಯ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ.

ಗೇಟು, ಹೂಳು, ಸಂಗ್ರಹದ ಲೆಕ್ಕಗಳನ್ನು ಸಾಮಾನ್ಯವಾಗಿ ಬೆಳೆಯ ಮಾತಿನ ಜೊತೆಗಷ್ಟೇ ಆಡುತ್ತೇವೆ. ರೈತನಿಗೆ ಅದು ಎರಡನೇ ಬೆಳೆಯ ಪ್ರಶ್ನೆ ಎಂಬುದು ನಿಜ. ಅದೇ ಲೆಕ್ಕ ಹಿನ್ನೀರಿನ ಅಂಚಿನ ಹಕ್ಕಿಗಳ ಊಟದ ಪ್ರಶ್ನೆಯೂ ಹೌದು. ಈ ದಾರಿಯಲ್ಲಿ ಹೊರಡುವವರು ಮಳೆಗಾಲದ ಕೊನೆಗೊಮ್ಮೆ, ಬೇಸಿಗೆಯಲ್ಲೊಮ್ಮೆ ಹೋಗಿ ನೋಡಬೇಕು. ಮೊದಲ ಸಲ ನೀರು ನಿಂತಿದ್ದ ಜಾಗದಲ್ಲಿ ಎರಡನೇ ಸಲ ಬಿರುಕು ಬಿಟ್ಟ ನೆಲ ಕಂಡರೆ, ಈ ತೀರ ಎಷ್ಟರಮಟ್ಟಿಗೆ ಮನುಷ್ಯನ ಕೈಯಲ್ಲಿದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.