ಹದಿನೇಳು ಊರು, ಒಂದೇ ಪಂಚಾಯ್ತಿ

ಸ್ವಿಟ್ಜರ್ಲೆಂಡಿನ ಎಲ್ಮ್‌ನಲ್ಲಿ ಬಸ್ಸಿಳಿದವರ ಕಣ್ಣು ಮೊದಲು ಹೋಗುವುದು ಬೆಟ್ಟದ ನೆತ್ತಿಯ ತೂತಿನ ಕಡೆಗೆ. ಮಾರ್ಟಿನ್ಸ್‌ಲೋಖ್ ಅಂತ ಹೆಸರು. ಮಾರ್ಚ್‌ನಲ್ಲೊಮ್ಮೆ, ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮತ್ತೊಮ್ಮೆ, ಬೆಳಗಿನ ಬಿಸಿಲು ಅದರೊಳಗಿಂದ ತೂರಿ ಬಂದು ನೇರ ಚರ್ಚಿನ ಮೇಲೆ ಬೀಳುತ್ತದೆ. ಕೆಳಗೆ ಬಿಸಿಲು ಕುಡಿದು ಕಪ್ಪಿಟ್ಟ ಮರದ ಮನೆಗಳು. ಊರಿನ ಹಳೆಯ ರೂಪ ಕೆಡದಂತೆ ಕಾಪಾಡಿಕೊಂಡಿದ್ದಕ್ಕೆ ಎಲ್ಮ್‌ಗೆ 1981ರಲ್ಲಿ ವಾಕರ್ ಪ್ರಶಸ್ತಿ ಬಂತು. 1799ರಲ್ಲಿ ಫ್ರೆಂಚರಿಂದ ತಪ್ಪಿಸಿಕೊಂಡು ಪಾನಿಕ್ಸರ್ ಘಟ್ಟ ಹತ್ತುವ ಮುನ್ನ ರಷ್ಯದ ಸೇನಾನಿ ಸುವೊರೊವ್ ರಾತ್ರಿ ತಂಗಿದ್ದ ಮನೆಯೂ ಇಲ್ಲಿದೆ.

ಆದರೆ ಸರ್ಕಾರಿ ಕಾಗದದಲ್ಲಿ ಎಲ್ಮ್ ಈಗ ಸ್ವಂತ ಆಡಳಿತವಿರುವ ಊರಲ್ಲ. 2011ರ ಜನವರಿ 1ರಿಂದ ಇದು ಗ್ಲಾರುಸ್ ಸ್ಯೂಡ್‌ನ ಒಂದು ಹಳ್ಳಿ. ಹದಿನೇಳು ಊರು ಸೇರಿ ಆದ ಈ ಪಂಚಾಯ್ತಿಯ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ಜನ ಹತ್ತು ಸಾವಿರದ ಆಸುಪಾಸು. ಉಳಿದದ್ದೆಲ್ಲ ಬಂಡೆ, ಹಿಮ, ಹುಲ್ಲುಗಾವಲು.

ಊರ ಅಂಚಿಗೆ ನಡೆದರೆ ದನ ಮೇಯುವ ಹುಲ್ಲುಗಾವಲಿನಲ್ಲಿ ಅಲ್ಲಲ್ಲಿ ದಿಬ್ಬಗಳು. ಹುಲ್ಲು ಮುಚ್ಚಿದ ಆ ದಿಬ್ಬಗಳು 1881ರ ಸೆಪ್ಟೆಂಬರ್ 11ರಂದು ಉರುಳಿಬಿದ್ದ ಬೆಟ್ಟದ ತುಣುಕುಗಳು. ಯುರೋಪಿನಲ್ಲಿ ಶಾಲೆ ಕಡ್ಡಾಯವಾಗುತ್ತಿದ್ದ ಕಾಲ; ಮಕ್ಕಳಿಗೆ ಸ್ಲೇಟು ಬೇಕು, ಸ್ಲೇಟಿನ ಕಲ್ಲು ಎಲ್ಮ್‌ನ ಬೆಟ್ಟದ ಬುಡದಲ್ಲಿತ್ತು. ಕ್ವಾರಿಯನ್ನು ಊರವರೇ ನಡೆಸುತ್ತಿದ್ದರು. ಮೇಲಿನ ಭಾರಕ್ಕೆ ಆಸರೆ ಬಿಡದೆ ಬುಡವನ್ನು ಕೊರೆಯುತ್ತಲೇ ಹೋದರು. ಮೇಲೆ ಬಿರುಕು ಬಿಟ್ಟಿತು, ಮಳೆ ಹಿಡಿಯಿತು. ಭಾನುವಾರ ಸಂಜೆ ಮೂರು ಸಲ ಕುಸಿಯಿತು. ಮೊದಲ ಕುಸಿತದಲ್ಲಿ ಸಿಕ್ಕಿದವರನ್ನು ಎಳೆದು ತೆಗೆಯಲು ಓಡಿಬಂದವರೂ ಮುಂದಿನದರಲ್ಲಿ ಹೋದರು. ಸತ್ತವರು ನೂರಕ್ಕೂ ಹೆಚ್ಚು. ಕಲ್ಲಿನ ರಾಶಿ ನೀರಿನಂತೆ ಹರಿದದ್ದನ್ನು ಭೂವಿಜ್ಞಾನಿ ಆಲ್ಬರ್ಟ್ ಹೈಮ್ ದಾಖಲಿಸಿದರು. ಭೂಕುಸಿತದ ಪಾಠಗಳಲ್ಲಿ ಎಲ್ಮ್ ಇವತ್ತಿಗೂ ಬರುತ್ತದೆ.

ಸೆರ್ನ್‌ಫ್ ಹೊಳೆಯ ಜೊತೆಗೇ ಕೆಳಗಿಳಿದರೆ ಮಾಟ್, ಆಮೇಲೆ ಎಂಗಿ. ಒಂದೊಂದು ಊರಿಗೂ ಅದರದೇ ಚರಿತ್ರೆ, ಅದರದೇ ಜಂಬ. ಹೀಗಿದ್ದವರು ಒಂದಾಗಲು ಒಪ್ಪಿದ್ದಾದರೂ ಹೇಗೆ?

ಈ ಸೀಮೆಯಲ್ಲಿ ಹೆಜ್ಜೆಗೊಂದು ಆಡಳಿತವಿತ್ತು: ಊರಿನದು ಒಂದು, ಶಾಲೆಯದು ಇನ್ನೊಂದು, ಬಡವರ ನೆರವಿನದು ಮತ್ತೊಂದು. ಕಾಡು-ಹುಲ್ಲುಗಾವಲಿನ ಒಡೆತನದ ತಾಗ್ವೆನ್ ಎಂಬ ಸಂಸ್ಥೆ ಬೇರೆ. ಬಟ್ಟೆ ಗಿರಣಿಗಳು ಮುಚ್ಚಿ ಹುಡುಗರು ಊರು ಬಿಟ್ಟ ಮೇಲೆ ಕುರ್ಚಿಗಳಿದ್ದವು, ಕೂರುವವರಿರಲಿಲ್ಲ. ಬೆಟ್‌ಶ್ವಾಂಡನ್‌ನಲ್ಲಂತೂ ಇದ್ದವರೇ ಇನ್ನೂರರಷ್ಟು ಜನ.

ಈ ಊರುಗಳೆಲ್ಲ ಇರುವ ಗ್ಲಾರುಸ್ ಪ್ರಾಂತ್ಯದಲ್ಲಿ ಕಾನೂನು ಮಾಡುವುದು ಬಯಲಿನಲ್ಲಿ. ಮೇ ತಿಂಗಳ ಭಾನುವಾರ ಮತದಾರರೆಲ್ಲ ಚೌಕದಲ್ಲಿ ಸೇರಿ ಚೀಟಿ ಹಿಡಿದ ಕೈ ಎತ್ತುತ್ತಾರೆ. ಅಧ್ಯಕ್ಷರು ಕಣ್ಣಂದಾಜಿನಲ್ಲೇ ಬಹುಮತ ಹೇಳುತ್ತಾರೆ. 2006ರಲ್ಲಿ ಸರ್ಕಾರ ಕೇಳಿದ್ದು ಪ್ರಾಂತ್ಯದ ಇಪ್ಪತ್ತೈದು ಪಂಚಾಯ್ತಿಗಳನ್ನು ಹತ್ತಕ್ಕೆ ಇಳಿಸಿ ಎಂದು. ಸಭೆಯಲ್ಲಿ ಒಬ್ಬ ನಾಗರಿಕ, ಹತ್ತೇಕೆ, ಮೂರು ಸಾಕು ಎಂದ, ಕೈಗಳು ಎದ್ದವು. ಸರ್ಕಾರವೇ ಬೆರಗಾಯಿತು. ಹಿಂತೆಗೆದುಕೊಳ್ಳಿ ಎಂದವರು 2007ರಲ್ಲಿ ವಿಶೇಷ ಸಭೆ ಸೇರಿಸಿದರು, ಮೂರೇ ಗಟ್ಟಿಯಾಯಿತು; ಆ ಮೂರರಲ್ಲಿ ಒಂದು ಗ್ಲಾರುಸ್ ಸ್ಯೂಡ್. ಮೇಲಿನವರ ಆಜ್ಞೆಯಿಂದ ಆಗಿದ್ದರೆ ಈ ಜನ ಇದನ್ನು ಇಷ್ಟು ಬೇಗ ಅರಗಿಸಿಕೊಳ್ಳುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಕಾಗದ ಹಾಕುವವರು ಮಾತ್ರ ವಿಳಾಸದಲ್ಲಿ ಈಗಲೂ ಬರೆಯುವುದು 8767 ಎಲ್ಮ್ ಎಂದೇ.

ಸೆರ್ನ್‌ಫ್ ಹೊಳೆ ಲಿಂತ್ ನದಿಗೆ ಸೇರುವುದು ಶ್ವಾಂಡನ್‌ನಲ್ಲಿ. 2023ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಜಾರಿ ಮನೆಗಳ ಮೇಲೆ ಬಂತು. ಮೊದಲೇ ಜನರನ್ನು ಖಾಲಿ ಮಾಡಿಸಿದ್ದರಿಂದ ಜೀವ ಉಳಿಯಿತು, ಮನೆಗಳು ಉಳಿಯಲಿಲ್ಲ. ಯಾವ ಮನೆಗೆ ವಾಪಸು ಹೋಗಬಹುದು, ಯಾವುದನ್ನು ಕೆಡವಬೇಕು ಎಂಬ ತಕರಾರು ಹೊತ್ತವರು ಶ್ವಾಂಡನ್‌ನ ಜನ ಮಾತ್ರವಲ್ಲ. ಪಂಚಾಯ್ತಿ ಒಂದೇ ಆದ್ದರಿಂದ ಎಲ್ಮ್‌ನವರೂ ಅದರಲ್ಲಿ ಪಾಲುದಾರರು.