ಥಾಲಿಡೊಮೈಡ್ ತಡೆದ ಫ್ರಾನ್ಸಿಸ್ ಕೆಲ್ಸಿ

1937, ಅಮೆರಿಕ. ಸಿಹಿಯಾದ ಸಲ್ಫಾ ಸಿರಪ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಷಿಕಾಗೊ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದವರಲ್ಲಿ ವಿದ್ಯಾರ್ಥಿನಿ ಫ್ರಾನ್ಸಿಸ್ ಕೂಡ ಒಬ್ಬರು. ಕೊಂದದ್ದು ಔಷಧವಲ್ಲ, ಅದನ್ನು ಕರಗಿಸಿದ್ದ ಡೈಎಥಿಲೀನ್ ಗ್ಲೈಕಾಲ್.

1960. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸೇರಿದ ಹೊಸತರಲ್ಲೇ ಅವರ ಮೇಜಿಗೆ ಥಾಲಿಡೊಮೈಡ್ ಎಂಬ ಮಾತ್ರೆಯ ಮಾರಾಟಕ್ಕೆ ಅನುಮತಿ ಕೋರುವ ಅರ್ಜಿ ಬಂತು. ಕಂಪನಿ ಎಷ್ಟೇ ಒತ್ತಡ ಹಾಕಿದರೂ ಪುರಾವೆ ಸಾಲದೆಂದು ತಡೆಹಿಡಿದರು. ಅತ್ತ ಯುರೋಪಿನಲ್ಲಿ ಆ ಮಾತ್ರೆ ನುಂಗಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದರು. ಮಾರಾಟಕ್ಕೆ ಅನುಮತಿ ಇಲ್ಲದಿದ್ದರೂ ಅಮೆರಿಕದಲ್ಲೂ ಎಷ್ಟೋ ರೋಗಿಗಳಿಗೆ ಇದು ಪ್ರಯೋಗವೆಂದು ಹೇಳದೆಯೇ ಮಾತ್ರೆ ಹಂಚಲಾಗಿತ್ತು!

ಈ ದುರಂತದ ಬಳಿಕ ಬಂದ ಅಮೆರಿಕದ 1962ರ ಕಾನೂನು ಪ್ರಯೋಗಕ್ಕೆ ರೋಗಿಯ ಒಪ್ಪಿಗೆ ಬೇಕೆಂದಿತು. ಔಷಧ ಪ್ರಯೋಗಗಳ ತಪಾಸಣೆಯನ್ನು ಮುಂದೆ ದಶಕಗಳ ಕಾಲ ಕೆಲ್ಸಿ ಮುನ್ನಡೆಸಿದರು.

ನಿಮ್ಮ ಮುಂದೆ ಒಪ್ಪಿಗೆ ಪತ್ರ ಬಂದರೆ ಪೂರ್ತಿ ಓದಿ, ಪ್ರಶ್ನೆ ಕೇಳಿ. ಬೇಡ ಅನ್ನುವುದೂ ನಿಮ್ಮ ಹಕ್ಕು.