ತಪ್ಪೊಪ್ಪಿಗೆಯ ಒಪ್ಪಂದ ಮತ್ತು ಮೇಲ್ಮನವಿಯ ಹಕ್ಕು

ಮಾಮೂಲ್‌ಪೇಟೆಯ ಸಗಟು ವ್ಯಾಪಾರದಲ್ಲಿ ಸರಕು ಮೊದಲು, ಹಣ ಅನಂತರ ಎಂಬುದು ರೂಢಿ. ನಡುವಣ ಅವಧಿಗೆ ಮುಂದಿನ ದಿನಾಂಕದ ಚೆಕ್ಕೇ ಆಧಾರ. ಅದು ಅಮಾನ್ಯವಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನನ್ವಯ ದೂರು ದಾಖಲಾಗುತ್ತದೆ. ಗರಿಷ್ಠ ಶಿಕ್ಷೆ 2 ವರ್ಷಗಳ ಸೆರೆವಾಸ, ಇಲ್ಲವೆ ಚೆಕ್ಕಿನ ಮೊತ್ತದ ಇಮ್ಮಡಿ ದಂಡ, ಇಲ್ಲವೆ ಎರಡೂ. ವಿಚಾರಣೆ ಎಳೆಯತೊಡಗಿದಾಗ ತಪ್ಪೊಪ್ಪಿಕೊಂಡು ಮುಗಿಸಿಬಿಡುವ ಸಲಹೆ ಬರುವುದು ಸಹಜ. ಪೇಟೆಯವರಿಗೆ ಚೌಕಾಸಿ ಹೊಸತಲ್ಲ. ಆದರೆ ಈ ಚೌಕಾಸಿಯಲ್ಲಿ ಕೊಡಬೇಕಾದ ಬೆಲೆ ಮೇಲ್ಮನವಿಯ ಹಕ್ಕು.

ಪ್ಲೀ ಬಾರ್ಗೇನಿಂಗ್ ಎಂಬ ಈ ವ್ಯವಸ್ಥೆ 5-7-2006ರಂದು ದಂಡ ಪ್ರಕ್ರಿಯಾ ಸಂಹಿತೆಯ ಮೂಲಕ ಜಾರಿಗೆ ಬಂದಿತು. 1-7-2024ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಕಲಮುಗಳಲ್ಲಿದೆ. 7 ವರ್ಷ ಮೀರದ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಇದು ಲಭ್ಯ. ಮಹಿಳೆಯರ ಅಥವಾ ಮಕ್ಕಳ ವಿರುದ್ಧದ ಅಪರಾಧಗಳನ್ನೂ, ದೇಶದ ಸಾಮಾಜಿಕ-ಆರ್ಥಿಕ ಸ್ಥಿತಿಯನ್ನು ಬಾಧಿಸುವವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದವನ್ನೂ ಹೊರಗಿಡಲಾಗಿದೆ.

ಸಾಮಾನ್ಯ ವಿಚಾರಣೆಯಲ್ಲಿ ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದರೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬಹುದು. ಒಪ್ಪಂದವಿಲ್ಲದೆ ತಾನಾಗಿ ತಪ್ಪೊಪ್ಪಿಕೊಂಡವನಿಗೂ ಶಿಕ್ಷೆಯ ಪ್ರಮಾಣ ಹಾಗೂ ಕಾನೂನುಬದ್ಧತೆಯ ಬಗ್ಗೆ ಮೇಲ್ಮನವಿಗೆ ಎಡೆಯುಂಟು. ಒಪ್ಪಂದದ ತೀರ್ಪಿಗಾದರೋ ಅಷ್ಟೂ ಇಲ್ಲ; 295ನೇ ಕಲಮಿನಂತೆ ಅದೇ ಅಂತಿಮ. ಉಳಿಯುವುದು ಸಂವಿಧಾನದ 136ನೇ ವಿಧಿಯ ವಿಶೇಷ ಅನುಮತಿ ಅರ್ಜಿ ಮತ್ತು 226, 227ನೇ ವಿಧಿಗಳ ರಿಟ್ ಅರ್ಜಿ ಮಾತ್ರ. ಇವು ನ್ಯಾಯಾಲಯದ ವಿವೇಚನೆಗೆ ಬಿಟ್ಟವು, ಹಕ್ಕಿನಿಂದ ಕೇಳಬಹುದಾದವಲ್ಲ. ಈ ನಿರ್ಬಂಧ ದೂರುದಾರನಿಗೂ ಸರ್ಕಾರಕ್ಕೂ ಅನ್ವಯಿಸುತ್ತದೆಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಇದರ ಹಿನ್ನೆಲೆಯಲ್ಲಿ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಕಾಯಿದೆಯ ಬೆಂಬಲವಿಲ್ಲದ ಆ ಕಾಲದಲ್ಲಿ, ಲಘು ಶಿಕ್ಷೆಯ ಭರವಸೆಯಿಂದ ಆರೋಪಿಯೊಬ್ಬನು ತಪ್ಪೊಪ್ಪಿಕೊಂಡನು. ಹೈಕೋರ್ಟು ಶಿಕ್ಷೆಯನ್ನು ಹೆಚ್ಚಿಸಿತು. ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಎಂದು 1983ರ ವರದಿಗಳಲ್ಲಿ ದಾಖಲಾಗಿರುವ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಭರವಸೆಯಿತ್ತು ತಪ್ಪೊಪ್ಪಿಸಿಕೊಂಡು ಬಳಿಕ ಶಿಕ್ಷೆ ಏರಿಸುವುದು 21ನೇ ವಿಧಿಗೆ ವಿರುದ್ಧವೆಂದಿತು; ಅಂಥಲ್ಲಿ ಶಿಕ್ಷೆ ರದ್ದಾಗಿ ಹೊಸದಾಗಿ ವಿಚಾರಣೆ ನಡೆಯಬೇಕು. ಇಂದಿನ ಅಂತಿಮತೆ ಆರೋಪಿಯ ಬಾಗಿಲನ್ನು ಮುಚ್ಚುವುದರ ಜೊತೆಗೆ ಶಿಕ್ಷೆ ಏರಿಸಬಯಸುವವರ ಬಾಗಿಲನ್ನೂ ಮುಚ್ಚುತ್ತದೆ.

ವರ್ತಕರು ಎರಡನ್ನು ಒಂದೆಂದು ಭಾವಿಸುವುದುಂಟು. 147ನೇ ಕಲಮಿನಂತೆ ಚೆಕ್ ಪ್ರಕರಣದಲ್ಲಿ ರಾಜಿಯಾದರೆ ಅದರ ಪರಿಣಾಮ ಖುಲಾಸೆ. ಪ್ಲೀ ಬಾರ್ಗೇನಿಂಗ್‌ನಲ್ಲಿ ಹಣ ಕೊಟ್ಟರೂ ಉಳಿಯುವುದು ಅಪರಾಧಿಯೆಂಬ ತೀರ್ಪು. ಹಣ ಕೈಯಲ್ಲಿದ್ದು ದೂರುದಾರನು ಒಪ್ಪುವನಾದರೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿಯಲು ಕಾರಣವೇ ಕಾಣದು.

ಆದರೂ ಒಪ್ಪಂದವೇ ಸೂಕ್ತವೆನಿಸಿದಲ್ಲಿ, ದೋಷಾರೋಪ ರಚನೆಯಾದ 30 ದಿನಗಳೊಳಗೆ ಪ್ರಮಾಣಪತ್ರ ಸಹಿತ ಅರ್ಜಿ ಸಲ್ಲಿಸಬೇಕು. ಎದುರು ಪಕ್ಷವಿಲ್ಲದೆ ನ್ಯಾಯಾಧೀಶರು ಆರೋಪಿಯನ್ನು ಗೋಪ್ಯವಾಗಿ ಪ್ರಶ್ನಿಸುತ್ತಾರೆ. ಒತ್ತಾಯವಿದ್ದರೆ ಹೇಳಲು ಅದೇ ತಕ್ಕ ಸಮಯ. ಪರಸ್ಪರ ಒಪ್ಪಿಗೆಯ ಇತ್ಯರ್ಥಕ್ಕೆ ಗರಿಷ್ಠ 60 ದಿನಗಳಿವೆ. ಪರಿಹಾರದ ಮೊತ್ತ, ಕಂತು, ದಿನಾಂಕಗಳು ಆ ಇತ್ಯರ್ಥದ ವರದಿಯಲ್ಲಿಯೇ ಇರಬೇಕು. ಬಾಯಿಮಾತಿನಲ್ಲಿ ಉಳಿದುದನ್ನು ತೀರ್ಪಿನ ನಂತರ ಮೇಲ್ಮನವಿಯಲ್ಲಿ ಸೇರಿಸಲಾಗದು.